ಎಂಜಿಬಿಗೆ ಎಲೆಕ್ಟ್ರಾನಿಕ್ ಇಗ್ನಿಷನ್: ಮೊದಲು ಅರ್ತ್ ನೋಡಿ

ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ ಎಂಜಿಬಿ ಕಾರಿನಲ್ಲಿ, ಕಿಡಿ ಬರಬೇಕಾದ ಗಳಿಗೆಗೆ ಕರೆಂಟ್ ಕಡಿಯುವ ಪಾಯಿಂಟ್ ತೆಗೆದು, ಅದೇ ಕೆಲಸ ಮಾಡುವ ಎಲೆಕ್ಟ್ರಾನಿಕ್ ಮಾಡ್ಯೂಲ್ ಹಾಕುವುದು ಅರ್ಧ ದಿನದ ಕೆಲಸ. ಆದರೆ ಅವಸರದಲ್ಲಿ ಎರಡು ವೈರ್ ಸಿಕ್ಕಿಸಿ, ಆಮೇಲೆ ಗಾಡಿ ದಾರಿಯಲ್ಲಿ ನಿಂತಾಗ ಮಾಡ್ಯೂಲನ್ನು ಬೈಯುವವರನ್ನು ತುಂಬಾ ನೋಡಿದ್ದೇನೆ. ತಪ್ಪು ಹೆಚ್ಚಾಗಿ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಒಳಗೇ ಇರುತ್ತದೆ.

ಕಿಟ್ ಕೊಳ್ಳುವ ಮೊದಲು ಡಿಸ್ಟ್ರಿಬ್ಯೂಟರ್ ಲ್ಯೂಕಾಸ್ 25ಡಿ4 ಮಾದರಿಯೋ 45ಡಿ4 ಮಾದರಿಯೋ ನೋಡಿಕೊಳ್ಳಿ. ಬ್ಯಾಟರಿಯ ಯಾವ ತುದಿ ಕಾರಿನ ಲೋಹದ ಮೈಗೆ ಸೇರಿದೆ, ಅಂದರೆ ಅರ್ತ್ ಯಾವುದು ಎಂಬುದನ್ನೂ ನೋಡಿ. 1967ರವರೆಗಿನ ಕಾರುಗಳು ಪಾಸಿಟಿವ್ ಅರ್ತ್. ಎಷ್ಟೋ ಮಾಲೀಕರು ಆಮೇಲೆ ಬದಲಾಯಿಸಿದ್ದಾರೆ, ಹಾಗಾಗಿ ಕಾಗದ ನಂಬಬೇಡಿ, ಬ್ಯಾಟರಿ ನೋಡಿ. ವೈರ್ ಅದಲುಬದಲಾದರೆ ಮಾಡ್ಯೂಲ್ ಸುಟ್ಟಂತೆಯೇ.

ಬ್ಯಾಟರಿ ಕಳಚಿ, ಡಿಸ್ಟ್ರಿಬ್ಯೂಟರಿನ ಕ್ಯಾಪ್, ಅದರೊಳಗೆ ತಿರುಗುತ್ತಾ ಕಿಡಿ ಹಂಚುವ ರೋಟರ್, ಪಾಯಿಂಟ್, ಅದರ ಜೊತೆಗಿರುವ ಕಂಡೆನ್ಸರ್ ತೆಗೆಯಿರಿ.

ಈಗ ನಿಧಾನ ಮಾಡಿ. ಪಾಯಿಂಟ್ ಕೂರುವ ಬೇಸ್ ಪ್ಲೇಟಿನಿಂದ ಡಿಸ್ಟ್ರಿಬ್ಯೂಟರಿನ ಲೋಹದ ಮೈಗೆ ಬಟ್ಟೆ ಸುತ್ತಿದ ಒಂದು ಸಣ್ಣ ಅರ್ತ್ ವೈರ್ ಹೋಗುತ್ತದೆ. ಇಂಜಿನ್ನಿನ ವ್ಯಾಕ್ಯೂಮ್, ಅಂದರೆ ಹೀರುವ ಬಲ, ಆ ಪ್ಲೇಟನ್ನು ಎಳೆದಾಗಲೆಲ್ಲ ವೈರ್ ಬಾಗುತ್ತದೆ. ಹಳೆಯದಾದರೆ ಒಳಗಿನ ತಂತಿ ತುಂಡಾಗಿರುತ್ತದೆ, ಮೇಲಿನ ಬಟ್ಟೆ ಮಾತ್ರ ಚೆನ್ನಾಗಿಯೇ ಕಾಣುತ್ತದೆ. ಮಲ್ಟಿಮೀಟರಿನ ಒಂದು ಕಡ್ಡಿ ಪ್ಲೇಟಿಗೆ, ಇನ್ನೊಂದು ಇಂಜಿನ್ ಬ್ಲಾಕಿಗೆ ಹಿಡಿಯಿರಿ. ಸೊನ್ನೆಯ ಹತ್ತಿರ ಬರಬೇಕು. ಅಷ್ಟಕ್ಕೇ ಬಿಡಬೇಡಿ, ಬೆರಳಿನಿಂದ ಪ್ಲೇಟನ್ನು ಆಚೀಚೆ ತಿರುಗಿಸುತ್ತಾ ನೋಡಿ. ಅಂಕಿ ಕುಣಿದರೆ ವೈರ್ ಬದಲಾಯಿಸಿ. ಗಟ್ಟಿ ವೈರ್ ಬೇಡ, ಮೆತ್ತಗೆ ಬಾಗುವ, ಎಳೆ ಜಾಸ್ತಿ ಇರುವ ವೈರೇ ಬೇಕು.

ಮಾಡ್ಯೂಲನ್ನು ಸ್ಕ್ರೂ ಹಾಕಿ ಕೂರಿಸಿ, ಮ್ಯಾಗ್ನೆಟ್ ರಿಂಗನ್ನು ಡಿಸ್ಟ್ರಿಬ್ಯೂಟರ್ ಶಾಫ್ಟಿನ ಕ್ಯಾಮ್ ಮೇಲೆ ಕೆಳಗಿನವರೆಗೂ ಒತ್ತಿ. ರಿಂಗ್ ಮೇಲೆದ್ದರೆ ರೋಟರ್ ಕೂಡ ಮೇಲೇಳುತ್ತದೆ, ಕ್ಯಾಪಿನ ಒಳಗೆ ತಾಗುತ್ತದೆ. ಮಾಡ್ಯೂಲಿನ ವೈರ್ ತಿರುಗುವ ಭಾಗಕ್ಕೆ ಎಲ್ಲೂ ಉಜ್ಜಬಾರದು. ಇಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಿ ನೋಡಿ, ಆಗ ಡಿಸ್ಟ್ರಿಬ್ಯೂಟರ್ ಒಂದು ಪೂರ್ತಿ ಸುತ್ತು ಬರುತ್ತದೆ.

ರೋಟರ್ ಅಂದ ಕೂಡಲೇ ಒಂದು ಮಾತು. ಅಗ್ಗದ ಕಪ್ಪು ರೋಟರುಗಳಲ್ಲಿ ಹಿತ್ತಾಳೆ ಪಟ್ಟಿಯನ್ನು ಹಿಡಿಯುವ ರಿವೆಟ್ ಒಳಗಿನ ಸ್ಪ್ರಿಂಗಿನ ತೀರಾ ಹತ್ತಿರ ಬಂದಿರುತ್ತದೆ. ಕಿಡಿ ಪ್ಲಗ್ಗಿಗೆ ಹೋಗದೆ ಶಾಫ್ಟಿಗೆ ಇಳಿಯುತ್ತದೆ. ರಿವೆಟ್ ಇಲ್ಲದ ರೋಟರನ್ನೇ ಕೊಳ್ಳಿ. ಇಲ್ಲಿ ದುಡ್ಡು ಉಳಿಸಬೇಡಿ.

ಕಿಡಿಗೆ ಬೇಕಾದ ಹೈ ವೋಲ್ಟೇಜ್ ಕೊಡುವ ಕಾಯಿಲಿನ ಎರಡು ಸಣ್ಣ ತುದಿಗಳ ನಡುವೆ ಸುಮಾರು 3 ಓಮ್ ಬಂದರೆ ಸರಿ. ಸುಮಾರು 1.5 ಬಂದರೆ ಅದು ಬ್ಯಾಲಸ್ಟ್ ಕಾಯಿಲ್, ಅಂದರೆ ವೋಲ್ಟೇಜ್ ತಗ್ಗಿಸುವ ಬ್ಯಾಲಸ್ಟ್ ಜೊತೆ ಓಡುವ ಕಾಯಿಲ್. ರಬ್ಬರ್ ಬಂಪರಿನ ಕಾರುಗಳಲ್ಲಿ ಈ ಬ್ಯಾಲಸ್ಟ್ ಕಾರಿನ ವೈರುಗಳ ಕಟ್ಟಿನೊಳಗೇ ಇದೆ. ಆಗ ಮಾಡ್ಯೂಲಿನ ಕೆಂಪು ವೈರನ್ನು ಕಾಯಿಲಿಗೆ ಕೊಡದೆ, ಕೀ ಆನ್ ಮಾಡಿದಾಗ ಪೂರ್ತಿ 12 ವೋಲ್ಟ್ ಬರುವ ಕಡೆಯಿಂದ ತನ್ನಿ. ನೆಗೆಟಿವ್ ಅರ್ತ್ ಕಾರಿನಲ್ಲಿ ಕಪ್ಪು ವೈರ್ ಕಾಯಿಲಿನ ಮೈನಸ್ಸಿಗೆ. ಇಂಜಿನ್ ನಿಂತಿರುವಾಗ ಕೀ ಆನ್ ಇಟ್ಟು ರೇಡಿಯೋ ಕೇಳಬೇಡಿ, ಮಾಡ್ಯೂಲ್ ಕಾದು ಸಾಯುತ್ತದೆ.

ಕೊನೆಗೆ ಟೈಮಿಂಗ್, ಅಂದರೆ ಕಿಡಿ ಬರುವ ಗಳಿಗೆ. ಮಾಡ್ಯೂಲ್ ಹಾಕಿದ ಮೇಲೆ ಅದು ಹಳೆಯ ಜಾಗದಲ್ಲಿ ಇರುವುದಿಲ್ಲ. ಕಿವಿಯಿಂದ ಸೆಟ್ ಮಾಡುವುದು ಬೇಡವೇ ಬೇಡ. ವ್ಯಾಕ್ಯೂಮ್ ಪೈಪ್ ಕಳಚಿ, ಪೈಪಿನ ಬಾಯಿ ಮುಚ್ಚಿ, ಟೈಮಿಂಗ್ ಲೈಟಿನಿಂದ ನಿಮ್ಮ ಇಂಜಿನ್ನಿನ ಪುಸ್ತಕದ ಡಿಗ್ರಿಗೆ ತನ್ನಿ. ಏರು ರಸ್ತೆಯಲ್ಲಿ ಇಂಜಿನ್ ಕಟಕಟ ಅಂದರೆ ಒಂದೆರಡು ಡಿಗ್ರಿ ಹಿಂದಕ್ಕೆ ತಂದು ಮತ್ತೆ ಓಡಿಸಿ ನೋಡಿ.