ಬೌಲ್‌ನಲ್ಲಿ ಕಾಯುವ ವೇನ್

ಕಾಲಿನ ಬೈಪಾಸ್, ಅಂದರೆ ಕಟ್ಟಿಕೊಂಡ ರಕ್ತನಾಳದ ಪಕ್ಕದಿಂದ ರಕ್ತಕ್ಕೆ ಹೊಸ ದಾರಿ ಮಾಡುವ ಆಪರೇಷನ್ ನಡೆಯುವಾಗ ಎಲ್ಲರ ಗಮನ ಹೊಲಿಗೆಯ ಕಡೆ ಇರುತ್ತದೆ. ಸರ್ಜನ್ ಕೈಗೆ ಉಪಕರಣ ಕೊಡುವ ಸ್ಕ್ರಬ್ ನರ್ಸ್ ಆದ ನಾನು ಟ್ರಾಲಿ ಮೇಲಿನ ಸ್ಟೀಲ್ ಬೌಲನ್ನೂ ನೋಡಿಕೊಳ್ಳಬೇಕು. ರೋಗಿಯ ಕಾಲಿನಿಂದ ತೆಗೆದ ಸಫೀನಸ್ ವೇನ್ (ಚರ್ಮದ ಕೆಳಗಿನ ಉದ್ದದ ರಕ್ತನಾಳ) ಜೋಡಣೆ ಆಗುವವರೆಗೆ ಕಾಯುವುದು ಅದರಲ್ಲೇ. 1948ರಲ್ಲಿ ಪ್ಯಾರಿಸ್‌ನ ಸರ್ಜನ್ ಜಾನ್ ಕುನ್ಲಿನ್ ಇದೇ ವೇನ್ ಬಳಸಿ ಕಾಲಿನ ಬೈಪಾಸ್ ಮಾಡಿದರು. ಇವತ್ತಿಗೂ ಮಂಡಿಯ ಕೆಳಗಿನ ಬೈಪಾಸಿಗೆ ಇದಕ್ಕಿಂತ ಒಳ್ಳೆಯದು ಸಿಕ್ಕಿಲ್ಲ.

ಬೆಂಗಳೂರಿನ ನಮ್ಮ ಆಪರೇಷನ್ ಥಿಯೇಟರ್‌ಗೆ (ಒಟಿ) ಕೋಲಾರ, ತುಮಕೂರು, ರಾಮನಗರದ ಕಡೆಯಿಂದಲೂ ಜನ ಬರುತ್ತಾರೆ. ಬೀಡಿ ಸೇದಿದವರು, ಶುಗರ್ ಇರುವವರೇ ಜಾಸ್ತಿ. ಎಷ್ಟೋ ಜನ ಬರುವುದೇ ಬೆರಳು ಕಪ್ಪಾದ ಮೇಲೆ. ಇರುವ ಒಂದು ಒಳ್ಳೆ ವೇನ್ ಕೆಟ್ಟರೆ ಇನ್ನೊಂದನ್ನು ಎಲ್ಲಿಂದ ತರುವುದು?

ವೇನ್‌ನ ಒಳಗೋಡೆಗೆ ಒಂದೇ ಒಂದು ಸಾಲು ಜೀವಕೋಶಗಳ ಹೊದಿಕೆ ಇರುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವುದು, ನೈಟ್ರಿಕ್ ಆಕ್ಸೈಡ್ ಬಿಟ್ಟು ನಾಳವನ್ನು ಸಡಿಲವಾಗಿಡುವುದು ಆ ಪದರವೇ. ಅದು ಕಿತ್ತುಹೋದರೆ ಪ್ಲೇಟ್‌ಲೆಟ್‌ಗಳು ಬಂದು ಅಂಟುತ್ತವೆ. ತಿಂಗಳುಗಳು ಕಳೆದಂತೆ ಗೋಡೆ ದಪ್ಪವಾಗಿ ದಾರಿ ಕಿರಿದಾಗುತ್ತದೆ. ಆಪರೇಷನ್ ದಿನ ಕಾಲು ಬೆಚ್ಚಗಾಗಿದ್ದರೂ ಈ ಹಾನಿ ಕಾಣುವುದಿಲ್ಲ.

ವೇನ್ ಇಡಲು ಹಿಂದಿನಿಂದ ಬಂದ ರೂಢಿ ಎಂದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಹಾಕಿದ ಸಲೈನ್, ಅಂದರೆ ಉಪ್ಪುನೀರು. ಆದರೆ ಸಾದಾ ಸಲೈನ್‌ನಲ್ಲಿ ಪಿಎಚ್ (ಆಮ್ಲೀಯತೆಯ ಅಳತೆ) ಏರಿಳಿಯದಂತೆ ಹಿಡಿದಿಡುವ ಬಫರ್ ಇಲ್ಲ. ಅದರ ಪಿಎಚ್ ಸಾಮಾನ್ಯವಾಗಿ 5.5ರ ಆಸುಪಾಸು, ರಕ್ತದ್ದು 7.4. ಗ್ಲೂಕೋಸ್, ಕ್ಯಾಲ್ಸಿಯಂ ಕೂಡ ಇಲ್ಲ. ರೋಗಿಯ ರಕ್ತದಲ್ಲೇ ಇಟ್ಟರೆ ಸರಿ ಅಲ್ವಾ ಅಂತ ಹೊಸ ನರ್ಸ್‌ಗಳು ಕೇಳುತ್ತಾರೆ. ತೆರೆದ ಬೌಲ್‌ನಲ್ಲಿಟ್ಟ ರಕ್ತದಿಂದ ಕಾರ್ಬನ್ ಡೈಆಕ್ಸೈಡ್ ಹೊರಹೋಗಿ ಪಿಎಚ್ ಏರುತ್ತದೆ, ಹಾಗಾಗಿ ಅದೂ ಸರಿಯಲ್ಲ. ಅಮೆರಿಕದಲ್ಲಿ 3,014 ಹೃದಯ ಬೈಪಾಸ್ ರೋಗಿಗಳನ್ನು ಸೇರಿಸಿಕೊಂಡಿದ್ದ ಪ್ರಿವೆಂಟ್-4 ಅಧ್ಯಯನದ ಮಾಹಿತಿಯನ್ನು 2014ರಲ್ಲಿ ಈ ದೃಷ್ಟಿಯಿಂದ ನೋಡಿದರು. ಬಫರ್ ಇರುವ ದ್ರಾವಣದಲ್ಲಿಟ್ಟ ವೇನ್‌ಗಳು ಒಂದು ವರ್ಷದ ಹೊತ್ತಿಗೆ ಕೆಟ್ಟಿದ್ದು ಕಡಿಮೆ. ಯಾರಿಗೆ ಯಾವ ದ್ರಾವಣ ಅಂತ ಚೀಟಿ ಎತ್ತಿ ಹಂಚಿದ ಪರೀಕ್ಷೆ ಅದಲ್ಲ, ಹಾಗಾಗಿ ಅದೇ ಕೊನೆಯ ಮಾತೂ ಅಲ್ಲ. ನಮಗೆ ಬದಲಾಯಿಸಲು ಅಷ್ಟು ಸಾಕಾಯಿತು.

ಈಗ ನಾವು ಬಫರ್ ಇರುವ, ಪಿಎಚ್ 7.4ರ ಪ್ಲಾಸ್ಮಾಲೈಟ್-ಎ ದ್ರಾವಣ ಬಳಸುತ್ತೇವೆ, ಅದಕ್ಕೆ ಹೆಪಾರಿನ್ ಸೇರಿಸುತ್ತೇವೆ. ಸಲೈನ್‌ಗಿಂತ ಬೆಲೆ ಜಾಸ್ತಿ, ಆದರೆ ಒಂದು ಕಾಲಿನ ಮುಂದೆ ಅದು ದೊಡ್ಡದಲ್ಲ. ಬೌಲ್‌ಗೆ ದ್ರಾವಣದ ಹೆಸರು ಬರೆದ ಲೇಬಲ್ ಹಚ್ಚದೆ ಟ್ರಾಲಿ ಮೇಲೆ ಇಡುವುದೇ ಇಲ್ಲ. ಪಕ್ಕದಲ್ಲಿ ಇನ್ನೊಂದು ಬೌಲ್ ಇರುತ್ತದಲ್ಲ, ನೋಡಲು ಎರಡೂ ನೀರೇ.

ವೇನ್ ಬಿಗಿದುಕೊಂಡರೆ ಅದನ್ನು ಸಡಿಲಿಸುವ ಪಾಪಾವೆರಿನ್ ಔಷಧಿ ಕೇಳುವ ಸರ್ಜನ್‌ಗಳಿದ್ದಾರೆ. ಅದು ಆಮ್ಲೀಯ. ಮೇಲಾಗಿ ರಿಂಗರ್ ಲ್ಯಾಕ್ಟೇಟ್ ಎಂಬ ಡ್ರಿಪ್ ದ್ರಾವಣಕ್ಕೆ ಹಾಕಿದರೆ ದ್ರಾವಣ ಒಡೆದು ಮಂಜುಮಂಜಾಗುತ್ತದೆ. ಒಟಿ ದೀಪದ ಕೆಳಗೆ ಬಿಳಿ ಕಣಗಳು ತೇಲುವುದು ಚೆನ್ನಾಗಿ ಕಾಣುತ್ತದೆ. ಅಂಥದ್ದು ವೇನ್ ಒಳಗೆ ಹೋಗಬಾರದು.

ದ್ರಾವಣದಷ್ಟೇ ಮುಖ್ಯವಾದದ್ದು ಒತ್ತಡ. ಸೋರಿಕೆ ನೋಡಲು ವೇನ್‌ನ ಪಾದದ ಕಡೆಯ ತುದಿಗೆ ಕ್ಯಾನುಲಾ (ಸಣ್ಣ ಕೊಳವೆ) ಕಟ್ಟಿ ದ್ರಾವಣ ತುಂಬಿಸುತ್ತೇವೆ. ಕವಾಟಗಳು ತೆರೆಯುವುದು ಆ ದಿಕ್ಕಿಗೇ. ಸಿರಿಂಜ್‌ನಲ್ಲಿ ಕೈಯಿಂದ ಒತ್ತಿದರೆ ಒತ್ತಡ 300 ಎಂಎಂ (ಬಿಪಿ ಅಳೆಯುವ ಅದೇ ಪಾದರಸದ ಅಳತೆ) ದಾಟುವುದು ಗೊತ್ತೇ ಆಗುವುದಿಲ್ಲ. ಸಿರಿಂಜ್ ಚಿಕ್ಕದಾದಷ್ಟೂ ಒತ್ತಡ ಏರುವುದು ಸುಲಭ. ಆ ಒತ್ತಡಕ್ಕೆ ಒಳಪದರ ಹರಿದುಹೋಗುತ್ತದೆ. ಅದಕ್ಕೇ ನಮ್ಮ ಸರ್ಜನ್ ಸರ್ ಜೊತೆ ಮಾತಾಡಿ ದ್ರಾವಣದ ಬ್ಯಾಗನ್ನು ಸ್ಟ್ಯಾಂಡಿಗೆ ತೂಗುಹಾಕುವುದು ಶುರುಮಾಡಿದೆವು. ಟೇಬಲ್ಲಿನಿಂದ ಸುಮಾರು 1.3 ಮೀಟರ್ ಎತ್ತರ ಇದ್ದರೆ ಒತ್ತಡ 100 ಎಂಎಂ ಹತ್ತಿರ ನಿಲ್ಲುತ್ತದೆ. ವೇನ್ ಸುಮ್ನೆ ತುಂಬಿಕೊಳ್ಳುತ್ತದೆ. ವೇನ್‌ನ ಕವಲು ಕಡಿದ ಜಾಗದಲ್ಲಿ ಸಣ್ಣ ಹನಿ ಕಂಡರೆ ಅಲ್ಲಿಗೇ ಕ್ಲಿಪ್.

ಉಳಿದದ್ದು ಸಮಯ. ಎಷ್ಟೇ ಒಳ್ಳೆ ದ್ರಾವಣ ಇರಲಿ, ವೇನ್ ದೇಹದೊಳಗೆ ಇದ್ದಂತೆ ಹೊರಗೆ ಇರಲಾರದು. "ಸರ್, ಆರ್ಟರಿ ರೆಡಿ ಆದಮೇಲೆ ವೇನ್ ಕತ್ತರಿಸೋಣ್ವಾ?" ಅಂತ ನಾನು ಕೇಳುತ್ತೇನೆ. ಈಗ ಅವರೇ ಮೊದಲು ಹೇಳುತ್ತಾರೆ, "ಸಿಸ್ಟರ್, ಟೈಮ್ ಬರೆಸಿ." ಟೇಬಲ್ಲಿನಿಂದ ಆಚೆ ಓಡಾಡುವ ನರ್ಸ್ ಬೋರ್ಡ್ ಮೇಲೆ ವೇನ್ ಬೌಲ್‌ಗೆ ಬಿದ್ದ ಗಂಟೆ, ನಿಮಿಷ ಬರೆಯುತ್ತಾರೆ, ರಕ್ತ ತಡೆದಿದ್ದ ಕ್ಲಾಂಪ್ ಬಿಟ್ಟು ರಕ್ತ ಹರಿದ ಮೇಲೆ ಅದರ ಪಕ್ಕದಲ್ಲಿ ಇನ್ನೊಂದು ಸಮಯ ಬರೆಯುತ್ತಾರೆ. ಎರಡೂ ಕೇಸ್ ಶೀಟಿಗೆ ಹೋಗುತ್ತವೆ.