ತೊಗರಿಯ ಕುಡಿ ಚಿವುಟುವುದನ್ನು ಬಾನುಲಿ ನಾಟಕದಲ್ಲಿ ಕಲಿಸುವ ಬಗೆ

ಸಣ್ಣ ಹಿಡುವಳಿದಾರರಿಗಾಗಿ ಬಾನುಲಿ ನಾಟಕ ಬರೆಯುವವರು ಒಂದು ಕಂತಿಗೆ ಒಂದೇ ಬೆಳೆಯ ಒಂದೇ ಕೆಲಸವನ್ನು ಆರಿಸಿಕೊಳ್ಳಬೇಕು. ಕಲಬುರಗಿ ಸೀಮೆಗೆ ತೊಗರಿಯ ಕುಡಿ ಚಿವುಟುವುದು ತಕ್ಕ ವಿಷಯ. ಬಿತ್ತಿದ ಸುಮಾರು 50 ದಿನಗಳಿಗೆ ತುದಿಕುಡಿಯನ್ನು ತೆಗೆದರೆ ಗಿಡವು ಮೇಲಕ್ಕೆ ಬೆಳೆಯುವುದು ಕಡಿಮೆಯಾಗಿ ಪಕ್ಕದ ರೆಂಬೆಗಳು ಒಡೆಯುತ್ತವೆ, ಕಾಯಿ ಕಟ್ಟಲು ಹೆಚ್ಚು ಜಾಗ ಸಿಗುತ್ತದೆ. ಇದಕ್ಕೆ ಆಳಿನ ಕೂಲಿ ಬಿಟ್ಟರೆ ದೊಡ್ಡ ಖರ್ಚಿಲ್ಲ. ಆದರೂ ಹುಲುಸಾಗಿ ಬೆಳೆಯುತ್ತಿರುವ ಗಿಡದ ತುದಿ ಮುರಿಯಲು ಮನಸ್ಸು ಒಪ್ಪುವುದಿಲ್ಲ. ಕಥೆಯನ್ನು ಆ ಹಿಂಜರಿಕೆಯಿಂದಲೇ ಹುಟ್ಟಿಸಬೇಕು.

ಸೊಸೆ ಎರಡು ಸಾಲು ಚಿವುಟಿರುತ್ತಾಳೆ, ಅದನ್ನು ಕಂಡ ಅತ್ತೆ, "ಬೆಳ್ಯೋ ಗಿಡದ ತಲಿ ಮುರದಿ, ಇನ್ನ ಉಣ್ಣೋದೇನು?" ಎಂದು ಊರು ಕೇಳುವಂತೆ ಕೂಗಾಡುತ್ತಾಳೆ. ಇಲ್ಲಿ ಕೃಷಿ ಅಧಿಕಾರಿಯನ್ನು ಕರೆತಂದು ಭಾಷಣ ಮಾಡಿಸಿದರೆ ನಾಟಕ ಅಲ್ಲಿಗೇ ಮುಗಿದಂತೆ. ಜಗಳ ಮುಂದುವರಿಯಲಿ, ಅತ್ತೆಯ ವಾದಕ್ಕೂ ತೂಕವಿರಲಿ, ಚಿವುಟಿದ ಸಾಲು ಮತ್ತು ಚಿವುಟದ ಸಾಲುಗಳ ವ್ಯತ್ಯಾಸವನ್ನು ಮುಂದಿನ ಕಂತುಗಳಲ್ಲಿ ಅವಳೇ ಎಣಿಸಿ ನೋಡಲಿ. ಬ್ರಿಟನ್ನಿನಲ್ಲಿ 1951ರ ಜನವರಿಯಿಂದ ಬಿಬಿಸಿ ದೇಶವ್ಯಾಪಿಯಾಗಿ ಪ್ರಸಾರ ಮಾಡಿದ ರೈತ ಕುಟುಂಬದ ಧಾರಾವಾಹಿಯೂ ಕೃಷಿ ಸಲಹೆಯನ್ನು ಮನೆಮಾತಿನೊಳಗೆ ಬೆರೆಸಿಯೇ ಕೊಟ್ಟಿತು.

ಕೇಳುಗರಿಗೆ ಗಿಡ ಕಾಣುವುದಿಲ್ಲವಾದ್ದರಿಂದ ಎಷ್ಟು ಚಿವುಟಬೇಕು, ಯಾವಾಗ ಚಿವುಟಬಾರದು ಎಂಬುದನ್ನು ಪಾತ್ರಗಳು ಕೆಲಸ ಮಾಡುತ್ತಲೇ ಆಡಬೇಕು. ಕುಡಿ ಚಿವುಟಲು ಬ್ಯಾಟರಿ ಯಂತ್ರ ಬಳಸುವವರೂ ಇರುವುದರಿಂದ, ನೆರೆಯವನೊಬ್ಬ ಅದನ್ನು ಬಾಡಿಗೆಗೆ ತಂದು ಹಾಸ್ಯಕ್ಕೆ ಗುರಿಯಾಗಬಹುದು. ಹಸ್ತಪ್ರತಿಯನ್ನು ಧ್ವನಿಮುದ್ರಣಕ್ಕೆ ಮೊದಲು ಕೃಷಿ ವಿಜ್ಞಾನ ಕೇಂದ್ರದ ತಜ್ಞರಿಗೆ ತೋರಿಸಿ, ಅವರು ತಿದ್ದಿದ ತಾಂತ್ರಿಕ ಅಂಶವನ್ನು ಉಳಿಸಿಕೊಂಡು, ಅವರ ಪುಸ್ತಕದ ಭಾಷೆಯನ್ನು ಮಾತ್ರ ಬಿಡಬೇಕು.

ಪ್ರಸಾರದ ದಿನವನ್ನು ಬಿತ್ತನೆಯೇ ನಿರ್ಧರಿಸಲಿ. ಜೂನ್ ಕೊನೆಯಲ್ಲಿ ಬಿತ್ತಿದ್ದರೆ ಕುಡಿಯ ಕಂತು ಕೆಲಸಕ್ಕೆ ತುಸು ಮೊದಲೇ, ಆಗಸ್ಟ್ ಮೊದಲ ವಾರದಲ್ಲಿ ಬರಬೇಕು. ಹೂ ಬಿಟ್ಟ ಮೇಲೆ ಹೇಳಿ ಫಲವಿಲ್ಲ. ಮಳೆ ತಡವಾಗಿ ಬಿತ್ತನೆ ಹಿಂದೆ ಸರಿದರೆ ಕಂತನ್ನೂ ಸರಿಸಬೇಕು.

ಕೇಳುವುದಷ್ಟೇ ಸಾಲದೆಂಬುದನ್ನು 1956ರಲ್ಲಿ ಪುಣೆ ಆಕಾಶವಾಣಿಯು ಯುನೆಸ್ಕೊ ನೆರವಿನಿಂದ 150 ಹಳ್ಳಿಗಳಲ್ಲಿ ನಡೆಸಿದ ರೈತ ಬಾನುಲಿ ಕೂಟಗಳು ತೋರಿಸಿವೆ: ಅಲ್ಲಿ ಕಾರ್ಯಕ್ರಮದ ನಂತರ ಚರ್ಚೆ ನಡೆದು, ಪ್ರಶ್ನೆಗಳು ಬಾನುಲಿ ಕೇಂದ್ರಕ್ಕೆ ಮರಳುತ್ತಿದ್ದವು. ನೀವೂ ಸ್ವಸಹಾಯ ಸಂಘದ ಸಭೆಯಲ್ಲಿ ಕಂತನ್ನು ಕೇಳಿಸಿ, ಅಲ್ಲೆದ್ದ ಆಕ್ಷೇಪಗಳನ್ನು ಬರೆದುಕೊಂಡು, ಮುಂದಿನ ವಾರ ಅವನ್ನು ಅತ್ತೆಯ ಬಾಯಿಂದಲೇ ಕೇಳಿಸಿರಿ.