ನೀರು ಹಾಕಿದಷ್ಟೂ ಬಾಡಿದ ಕಾಫಿ ಸಸಿಗಳು

ಮಾರ್ಚ್ ತಿಂಗಳು. ಗೋಣಿಕೊಪ್ಪದ ಬಳಿಯ ನಮ್ಮ ತೋಟದಲ್ಲಿ ತೊಟ್ಟೆಗೆ (ಸಸಿ ಬೆಳೆಸುವ ಪ್ಲಾಸ್ಟಿಕ್ ಚೀಲಕ್ಕೆ) ಹಾಕಿದ್ದ ರೊಬಸ್ಟಾ ಕಾಫಿ ಸಸಿಗಳು ಬೆಳಿಗ್ಗೆ ಗೆಲುವಾಗಿಯೇ ಇರುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಎಲೆಗಳೆಲ್ಲ ನೆನೆದ ಬಟ್ಟೆಯಂತೆ ಜೋತು ಬೀಳುತ್ತಿದ್ದವು. ಬಾಯಾರಿಕೆ ಎಂದುಕೊಂಡು ದಿನಕ್ಕೆ 3 ಸಲ ನೀರು ಹಾಕಿದೆ. ವಾರದೊಳಗೆ ಕೆಳಗಿನ ಎಲೆಗಳು ಹಳದಿಯಾದವು.

ಅತ್ತೆ ಒಂದು ತೊಟ್ಟೆಯನ್ನು ಹರಿದು ನೋಡಿದರು. ಮಣ್ಣು ಕೆಸರು, ಬೇರಿನ ತುದಿ ಕಂದು, ಹುಳಿ ವಾಸನೆ. “ಕುಡಿಸಿ ಕುಡಿಸಿಯೇ ಕೊಲ್ಲುತ್ತಿದ್ದೀಯಲ್ಲ!”

ಒಂದು ಎಲೆಗೆ ಪಾರದರ್ಶಕ ಚೀಲ ಕಟ್ಟಿ ಕಾದೆ. ಸ್ವಲ್ಪ ಹೊತ್ತಿನಲ್ಲೇ ಒಳಗೆ ಹನಿಗಳು. ಬೇರು ಹೀರಿದ ನೀರಿನ ಬಹುಪಾಲು ಹೀಗೆಯೇ ಆವಿಯಾಗಿ ಹೋಗುತ್ತದೆ. ಆವಿ ಹೊರಹೋಗುವ ಸಣ್ಣ ತೂತುಗಳಾದ ಪತ್ರರಂಧ್ರಗಳು ಕಾಫಿಗೆ ಇರುವುದು ಎಲೆಯ ಅಡಿಯಲ್ಲಿ. ಪ್ರತಿ ರಂಧ್ರಕ್ಕೂ ಎರಡು ಕಾವಲು ಕೋಶಗಳು. ನೀರು ತುಂಬಿ ಉಬ್ಬಿದರೆ ರಂಧ್ರ ತೆರೆಯುತ್ತದೆ, ಸೊರಗಿದರೆ ಮುಚ್ಚುತ್ತದೆ. ಬಿಸಿಲು, ಒಣಗಾಳಿ ಹೆಚ್ಚಾದಾಗ ಗಿಡ ಬಾಗಿಲು ಹಾಕಿಕೊಳ್ಳುತ್ತದೆ. ಆದರೆ ಆಗ ಇಂಗಾಲದ ಡೈಆಕ್ಸೈಡ್ ಒಳಬರುವುದೂ ಕಡಿಮೆಯಾಗಿ ಎಲೆಯ ಅಡುಗೆ, ಅಂದರೆ ಆಹಾರ ತಯಾರಿಕೆ, ನಿಧಾನವಾಗುತ್ತದೆ. ಇತ್ತ ಕೆಸರಿನಲ್ಲಿ ಉಸಿರುಗಟ್ಟಿದ ಬೇರು ನೀರು ಎತ್ತಲಾರದು. ಮೇಲೆ ಖರ್ಚು, ಕೆಳಗೆ ಆದಾಯವಿಲ್ಲ!

ನೆರಳು ಕೊಡುತ್ತಿದ್ದ ಹಾಲುವಾಣದ ಕೊಂಬೆಗಳನ್ನು ಜನವರಿಯಲ್ಲಿ ಸವರಿಸಿದ್ದವನು ನಾನೇ. ಹೇಳಲು ನಾಚಿಕೆ. ಶೇ 50ರ ನೆರಳು ಬಲೆ ಕಟ್ಟಿದೆ, ಗಾಳಿ ಬೀಸುವ ಕಡೆಗೆ ಗೋಣಿಚೀಲದ ಪರದೆ ಹಾಕಿದೆ, ತೊಟ್ಟೆಗಳ ಬುಡಕ್ಕೆ ಇನ್ನಷ್ಟು ತೂತು ಕೊರೆದೆ. ನೀರು ಬೆಳಿಗ್ಗೆ ಮಾತ್ರ, ಅದೂ ಬೆರಳು ಚುಚ್ಚಿ ಮಣ್ಣು ನೋಡಿದ ಮೇಲೆ.

ಹತ್ತು ಹನ್ನೆರಡು ದಿನಗಳಲ್ಲಿ ಮಧ್ಯಾಹ್ನವೂ ಎಲೆಗಳು ನೆಟ್ಟಗೆ ನಿಂತವು. ಅತ್ತೆ ಹರಿದ ತೊಟ್ಟೆಯ ಸಸಿ ಮಾತ್ರ ಉಳಿಯಲಿಲ್ಲ.